ಮೈದಾನದ ಎಡಗಡೆಯ ಬಕೆಟ್ಟು

ಸ್ಟ್ರೋಕ್ ಆಗಿ ಏಳು ತಿಂಗಳು ಕಳೆದ ಮೇಲೆ ನನ್ನ ಎಡಗೈ, ಎಡಗಾಲು ಪುನಃ ನನ್ನ ಮಾತು ಕೇಳತೊಡಗಿದ್ದವು. ಕೊಪ್ಪದಿಂದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಶಾಲೆಗೆ ಹನ್ನೆರಡು ವರ್ಷ ನಾನೇ ಕಾರು ಓಡಿಸಿಕೊಂಡು ಹೋಗಿ ಪಾಠ ಮಾಡಿದವಳು. ಈಗ ಶಾಲೆಗೆ ಮರಳಿದ್ದರೂ, ಕಾರು ಓಡಿಸುವ ಗಂಡನ ಪಕ್ಕದಲ್ಲಿ ಮೂಟೆಯ ಹಾಗೆ ಕೂರಬೇಕಿತ್ತು. ಪ್ರತಿ ತಿರುವಿನಲ್ಲೂ ಅವರು “ಹೆದರ್ಬೇಡ” ಅನ್ನುತ್ತಿದ್ದರು. ನಾನು ಹಲ್ಲು ಕಡಿಯುತ್ತಿದ್ದೆ.

“ನಾಳೆಯಿಂದ ನಾನೇ ಓಡಿಸ್ತೀನಿ” ಎಂದೆ.

“ಸುಮ್ನಿರು ಮಾರಾಯ್ತಿ. ಡಾಕ್ಟ್ರನ್ನ ಕೇಳ್ದೆ ಎಂತದೂ ಬೇಡ.”

ಡಾಕ್ಟರು ಅವರಿಗಿಂತಲೂ ಅಸಹ್ಯ ಮನುಷ್ಯ. ನನ್ನ ವಿಷಯವನ್ನು ನನ್ನ ಗಂಡನ ಮುಖ ನೋಡಿ ಹೇಳಿದರು: ಕಾಲಿಗೆ ಬಲ ಬಂದರೆ ಸಾಲದು, ಮೊದಲು ಖಾಲಿ ಜಾಗದಲ್ಲಿ, ಕಲಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ನೋಡಲಿ.

ಕಲಿಸುವವರು ನರಸಿಂಹರಾಜಪುರದವರು, ವಯಸ್ಸಾದವರು. ಅವರ ಕಾರಿನಲ್ಲಿ ಅವರ ಕಾಲಿನ ಹತ್ತಿರವೂ ಒಂದು ಬ್ರೇಕ್ ಇತ್ತು. ಅದನ್ನು ನೋಡಿಯೇ ನನಗೆ ಸಿಟ್ಟು ಬಂತು. ಒಂದು ಖಾಲಿ ಮೈದಾನದಲ್ಲಿ ಎರಡು ಸುತ್ತು ಹಾಕಿದೆ. ಇದ್ದಕ್ಕಿದ್ದಂತೆ ಅವರು ಬ್ರೇಕ್ ಒತ್ತಿದರು.

“ಎಂತ ತಾಗ್ತು ಮೇಡಂ?”

“ಎಂತದೂ ತಾಗಿಲ್ಲ.”

ಅವರು ಇಳಿದು ಹೋಗಿ, ಎಡಗಡೆಯ ಚಕ್ರದ ಅಡಿಯಿಂದ ಅಪ್ಪಚ್ಚಿಯಾದ ಕೆಂಪು ಪ್ಲಾಸ್ಟಿಕ್ ಬಕೆಟ್ ಎಳೆದು ತಂದರು.

“ಇದನ್ನ ಬೇಕೂಂತಲೇ ಈಗ ಇಟ್ಟಿದ್ದೀರಿ!” ಎಂದು ಕೂಗಿದೆ.

“ಬಲಗಡೆ ಇಟ್ಟಿದ್ದ ಬಕೆಟ್ಟನ್ನ ತಪ್ಪಿಸ್ಕೊಂಡು ಬಂದ್ರಿ. ಇದೂ ಅಷ್ಟೇ ಹೊತ್ತಿಂದ ಇಲ್ಲೇ ಇತ್ತು. ಶಾಲೆ ಮಕ್ಕಳು ನಿಂತಿದ್ರೆ?”

ಮೈದಾನದ ಅಂಚಿನಲ್ಲಿ ನಿಂತಿದ್ದ ಗಂಡ ಉಸಿರು ಬಿಟ್ಟರು. ಅವರ ಮುಖದಲ್ಲಿದ್ದದ್ದು ನಾನು ಇನ್ನು ಕಾರು ಮುಟ್ಟುವುದಿಲ್ಲ ಎಂಬ ನೆಮ್ಮದಿ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕಣ್ಣು ಕಂಡರೂ ಮೆದುಳು ಎಡಭಾಗವನ್ನು ಗಮನಿಸದೆ ಬಿಟ್ಟುಬಿಡುತ್ತಿದೆ ಎಂದರು ಡಾಕ್ಟರು. ನಂಬದೆ ಮನೆಗೆ ಬಂದು ಮಕ್ಕಳ ನೋಟ್‌ಬುಕ್ ತೆಗೆದೆ. ಪುಟದ ಎಡ ಅಂಚಿಗೆ ಬೆರಳಿಟ್ಟುಕೊಂಡು ಓದಿದಾಗ, ಅಷ್ಟು ದಿನ ಕಾಣದಿದ್ದ ಪ್ರತಿ ಸಾಲಿನ ಮೊದಲ ಪದಗಳು ಸಿಕ್ಕವು. ಅರ್ಧಂಬರ್ಧ ವಾಕ್ಯ ಬರೆಯುತ್ತೀರಿ ಎಂದು ಹಿಂದಿನ ವಾರವಷ್ಟೇ ಆ ಮಕ್ಕಳನ್ನು ಬೈದು ನಿಲ್ಲಿಸಿದ್ದೆ.

ಅವತ್ತಿನಿಂದ ನಾಲ್ಕು ತಿಂಗಳು ಕತ್ತು ತಿರುಗಿಸುವುದನ್ನೇ ಕಲಿತೆ. ವಾರಕ್ಕೆರಡು ಸಲ ಮೈದಾನಕ್ಕೆ ಹೋದೆ. ಕಲಿಸುವ ಮುದುಕರು ಬಕೆಟ್ಟುಗಳ ಜಾಗ ಬದಲಿಸುತ್ತಿದ್ದರು, ನಾನು ಅವರನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆ. ಕೊನೆಗೆ ಪರೀಕ್ಷೆ ಮಾಡಿದ ಡಾಕ್ಟರು, ಹಗಲಲ್ಲಿ ಮಾತ್ರ, ಗೊತ್ತಿರುವ ದಾರಿಯಲ್ಲಿ ಮಾತ್ರ ಎಂದು ಒಪ್ಪಿದರು.

ನಾನು ಕಾರು ಓಡಿಸಿದ ಮೊದಲ ಸಲ, ಎಷ್ಟೋ ಸಲ ಹೋಗಿ ಬಂದಿದ್ದ ದಾರಿಯಲ್ಲೇ ಶೃಂಗೇರಿಗೆ ಹೋದೆವು. ತಿರುವಿನಲ್ಲಿ ಗಂಡ, “ಎಡಕ್ಕೆ ನೋಡು” ಎಂದರು.

“ನೋಡಿದೀನಿ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ.”

ವಾಪಸು ಬರುವಾಗ ಅವರು ಮುಖ ಊದಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಕೊಪ್ಪ ಮುಟ್ಟುವವರೆಗೆ ಪ್ರತಿ ತಿರುವಿನಲ್ಲೂ ನಾನೇ ಕತ್ತು ತಿರುಗಿಸಿ ಎಡಕ್ಕೆ ನೋಡಿದೆ.