ಮೂವತ್ತು ಆಕಾಶ, ಒಂದು ಕೀಲಿ

ನನಗ ಮಂದಿ ಮ್ಯಾಲ ಲಗೂ ಭರೋಸಾ ಬರಂಗಿಲ್ಲ. ಬಜಾರದಾಗ ತೂಕದ ಕಲ್ಲು ಸುದ್ದಾ ತಿರುವಿ ನೋಡೋಕಿ ನಾ. ಬೀದರಿನ ಕಾಲೇಜಿನ್ಯಾಗ ಭೌತಶಾಸ್ತ್ರ ಕಲಿಸಿಕೋತ ಪಿಎಚ್‌ಡಿ ಮಾಡುವಾಗ ಈ ಗುಣ ಮತ್ತಿಷ್ಟು ಬಲೀತು.

ನನ್ನ ಕೆಲಸ ಅಂದ್ರ ಆಕಾಶ ಮಾಡೋದು. ಜಗತ್ತು ಹೊಸದಿದ್ದಾಗ ಹೊಂಟ ಬೆಳಕು ಆರಿ ಆರಿ, ಈಗ ಆಕಾಶದ ತುಂಬ ಚೂರೇ ಚೂರು ಬಿಸಿಯಾಗಿ ಉಳದದ. ಅದ್ರಾಗ ಅಲ್ಲಲ್ಲಿ ಹೆಚ್ಚು ಕಡಿಮಿ ಬಿಸಿಯ ಮಚ್ಚಿ ಅವ. ಸಾಫ್ಟ್‌ವೇರಿನಿಂದ ಅಂಥವೇ ಸುಳ್ಳು ಆಕಾಶ ಮಾಡಿ, ಖರೇ ಆಕಾಶದ ಜೋಡಿ ಹಚ್ಚಿ ನೋಡಬೇಕು. ಒಂದರಂಗ ಇನ್ನೊಂದು ಇರಬಾರ್ದು. ನನಗ ಮೂವತ್ತು ಬೇಕಿದ್ದವು, ದಿನಕ್ಕೊಂದು ಮಾಡ್ತಿದ್ದೆ.

ವಿಭಾಗದಾಗ ಇದ್ದ ಒಂದೇ ಕಂಪ್ಯೂಟರಿಗೆ ಇನ್ನೊಬ್ಬರು ಪಾಲುದಾರರು, ಔರಾದ್ ಕಡಿಯ ಎಕಂಬಾದವರು. ಅವರದೂ ಪಿಎಚ್‌ಡಿ. ಮೊದಲ ಬಸ್ಸಿಗೆ ಬರ್ತಾರಂತ ಖೋಲಿ ಕೀಲಿ ಅವರ ಬಲ್ಲಿ ಇರ್ತಿತ್ತು. ನಾ ಹೋಗೂದ್ರಾಗ ಮೌಸ್ ಎಡಕ್ಕ ಸರದಿರ್ತಿತ್ತು, ಅವರು ಎಡಚರು. ಚಾ ಕುಡೀರಿ ಮೇಡಂ ಅಂತ ದಿನಾ ಕರೀತಿದ್ರು. ಇಷ್ಟ್ಯಾಕ ಉಪಚಾರ ಅಂತ ಅದಕ್ಕೂ ನನಗ ಸಂಶಯ.

ಮೂವತ್ತೂ ಮುಗಿದ ಮ್ಯಾಲ ಸಾಲಾಗಿ ತೆರೆದು ನೋಡ್ದೆ. ಎಲ್ಲಾ ಒಂದೇ. ಅದೇ ಮೂಲ್ಯಾಗ ಅದೇ ಮಚ್ಚಿ. ನಾ ಹಿಂದ ಬೀಳಲಿ, ಕಂಪ್ಯೂಟರ್ ತಮ್ಮ ಪಾಲಿಗಾಗಲಿ ಅಂತ ಎಕಂಬಾದವರೇ ನನ್ನವು ಅಳಿಸಿ, ಒಂದನ್ನೇ ನಕಲು ಮಾಡಿ ಇಟ್ಟಾರ ಅನಿಸ್ತು. ಸ್ಟಾಫ್ ರೂಮಿನ್ಯಾಗ ಎಲ್ಲಾರ ಮುಂದ ಅಂದುಬಿಟ್ಟೆ, "ಕೀಲಿ ಇವರ ಬಲ್ಲಿ ಇತ್ತರಿ. ಮತ್ಯಾರು ಮಾಡ್ತಾರ?"

"ನಾ ಮುಟ್ಟಿಲ್ರಿ," ಅಂದ್ರು ಅವರು. ಅಷ್ಟೇ. ವಿಭಾಗದ ಮುಖ್ಯಸ್ಥರು ಅವತ್ತೇ ಕೀಲಿ ಕಸಗೊಂಡ್ರು. ಅವರ ಪಿಎಚ್‌ಡಿ ಕೆಲಸ ಅರ್ಧಕ್ಕ ನಿಂತಿತು.

ಸೂಟಿಗೆ ಭಾಲ್ಕಿ ಮನ್ಯಾಗ, ನನ್ನ ಲ್ಯಾಪ್‌ಟಾಪಿನ್ಯಾಗ ಹೊಸಾ ಆಕಾಶ ಮಾಡ್ದೆ. ಮತ್ತ ಅದೇ ಮಚ್ಚಿ. ಇಲ್ಲಿಗೂ ಬಂದಾರೇನು ಅಂತ ಬಾಗಲ ಕಡಿ ನೋಡ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಆಮ್ಯಾಲ ತಿಳೀತು. ಪ್ರತಿ ಸಲ ಸಾಫ್ಟ್‌ವೇರ್ ಒಂದು ಬೀಜ ಸಂಖ್ಯೆ ಕೇಳ್ತದ. ಹೊಸಾ ಸಂಖ್ಯೆ ಕೊಟ್ರ ಹೊಸಾ ಆಕಾಶ, ಹಳೇದು ಕೊಟ್ರ ಹಳೇದೇ. ನಾ ಪ್ರತಿ ಸಲಾನೂ ನೂರಾ ಒಂದು ಕೊಟ್ಟಿದ್ದೆ. ಯಾವುದೂ ಸೊನ್ನಿಗೆ ನಿಲ್ಲಬಾರ್ದು, ಶುಭಕ್ಕ ಮ್ಯಾಲೊಂದು ಇಡಬೇಕು ಅಂತ ಅವ್ವ ಕಲಿಸಿದ್ದು ಬೆರಳಿಗೆ ಹತ್ತಿಬಿಟ್ಟಿತ್ತು.

ನಾಚಿಕಿಂದ ಸತ್ತಂಗಾತು. ಸೂಟಿ ಮುಗಿದ ದಿನ ಅದೇ ಸ್ಟಾಫ್ ರೂಮಿನ್ಯಾಗ, ಅವರೂ ಕೂತಿರುವಾಗ, ಎದ್ದು ನಿಂತೆ. ನೂರಾ ಒಂದರ ಕಥಿ ಹೇಳಿ, "ತಪ್ಪು ನಂದರಿ. ಕೀಲಿ ಅವರಿಗೆ ಕೊಡ್ರಿ," ಅಂದೆ. ಯಾರೋ ನಕ್ಕರು. ಬರ್ರಿ, ತೆರೆದು ತೋರಸ್ತೇನಿ ಅಂತ ನಾ ಅಂದ್ರೂ ಯಾರೂ ಏಳಲಿಲ್ಲ.

ಮುಖ್ಯಸ್ಥರು ಮೆತ್ತಗ ಅಂದ್ರು, "ನಿಮ್ಮ ಮನಸು ದೊಡ್ಡದರಿ ಮೇಡಂ. ಅವರ ಪಿಎಚ್‌ಡಿ ಉಳೀಲಿ ಅಂತ ತಪ್ಪು ನಿಮ್ಮ ಮೈಮ್ಯಾಲ ಹಾಕ್ಕೋತೀರಿ. ಆದ್ರ ಕೀಲಿ ನನ್ನ ಬಲ್ಲೇ ಇರಲಿ."

ಎಕಂಬಾದವರು ಚಾದ ಕಪ್ಪು ಅರ್ಧಕ್ಕೇ ಇಟ್ಟು, ಚೀಲ ಹೆಗಲಿಗೆ ಹಾಕ್ಕೊಂಡು ಬಸ್ಸಿಗೆ ಹೋದ್ರು.