ಟೋಕನ್ ಸಾಹೇಬರ ಸುಧಾರಣೆ

ಆ ಕಚೇರಿಯ ಹೆಡ್ ಗುಮಾಸ್ತರನ್ನು ಜನ ಟೋಕನ್ ಸಾಹೇಬರು ಎಂದು ಕರೆಯುತ್ತಿದ್ದರು. ಗೌರವದಿಂದೇನೂ ಅಲ್ಲ, ಆದರೆ ಅವರ ಕಿವಿಗೆ ಅದು ಗೌರವವಾಗಿಯೇ ಕೇಳಿಸುತ್ತಿತ್ತು. ತಾಯಿಯಿಲ್ಲದ ಈ ತಮ್ಮನನ್ನು ಅಕ್ಕ ಹಗಲೂ ರಾತ್ರಿ ಬಟ್ಟೆ ಹೊಲಿದು ಓದಿಸಿದ್ದಳು. ಓದು ದಂಡವಾಗಲಿಲ್ಲ. ಕುರ್ಚಿ ಸಿಕ್ಕಿದ್ದೇ ತಡ, ಬಂದವರನ್ನು ಕೌಂಟರಿನಿಂದ ಕೌಂಟರಿಗೆ ಅಲೆಸುವುದರಲ್ಲಿ ತಮ್ಮನದು ಎತ್ತಿದ ಕೈ.

ಹೀಗಿರುವಾಗ ಮೇಲಿನಿಂದ ಸುಧಾರಣೆ ಬಂತು. ಬಂದವರಿಗೆಲ್ಲ ಟೋಕನ್ ಕೊಡಬೇಕು, ಟೋಕನ್ ಕೊಟ್ಟ ಹತ್ತು ನಿಮಿಷದೊಳಗೆ ಕೆಲಸ ಮುಗಿಯಬೇಕು, ತಡವಾದರೆ ಯಂತ್ರವೇ ಮೇಲಿನವರಿಗೆ ಚಾಡಿ ಹೇಳುತ್ತದೆ. ಉಳಿದ ಗುಮಾಸ್ತರು ಬೆವೆತು ಹೋದರು. ನಮ್ಮ ಸಾಹೇಬರು ಬೆವರುವವರೇ? ಬಾಗಿಲ ಬಳಿಯಿದ್ದ ಯಂತ್ರವನ್ನು ಎತ್ತಿಸಿ ತಮ್ಮ ಮೇಜಿನ ಪಕ್ಕ ಇಡಿಸಿಕೊಂಡು, ಬಾಗಿಲು ಹಾಕಿಸಿದರು. ಕೌಂಟರ್ ಖಾಲಿಯಾದಾಗ ಒಬ್ಬರನ್ನು ಒಳಗೆ ಬಿಟ್ಟು, ಆಗ ಟೋಕನ್ ಕೊಡುವುದು. ಮಿಕ್ಕವರು ಹೊರಗೆ ಬಿಸಿಲಲ್ಲಿ ನಿಂತಿರಲಿ; ಯಂತ್ರದ ಪಾಲಿಗೆ ಅವರು ಹುಟ್ಟಿಯೇ ಇಲ್ಲ. ಇದಕ್ಕೂ ತಲೆ ಬೇಕು ಸ್ವಾಮಿ! ಅದೇ ತಲೆಯನ್ನು ಕೆಲಸಕ್ಕೆ ಓಡಿಸಿದ್ದರೆ ಸಾಲೇ ಇರುತ್ತಿರಲಿಲ್ಲ.

ಮೇಲಿನವರು ಅಂಕಿ ನೋಡಿ ಬೆನ್ನು ತಟ್ಟಿದರು, ಪ್ರಶಸ್ತಿ ಕೊಟ್ಟರು. ಸಾಹೇಬರು ಹೊರಗೋಡೆಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಬರೆಸಿದರು: ‘ಇಲ್ಲಿ ಯಾರೂ ಕಾಯುವುದಿಲ್ಲ’. ದಿನವೂ ಅದನ್ನು ಓದಿ ಓದಿ ಕೊನೆಗೆ ತಾವೂ ನಂಬಿಬಿಟ್ಟರು.

ಅಷ್ಟರಲ್ಲಿ ಅಕ್ಕನ ಒಂದು ಕಣ್ಣು ಹೋಗಿ, ಇನ್ನೊಂದು ಮಬ್ಬಾಗಿತ್ತು. ಆಸ್ಪತ್ರೆಯಲ್ಲಿ ಬಡವರಿಗೆ ಪುಕ್ಕಟೆ ಆಪರೇಷನ್. ಆದರೆ ತಮ್ಮನ ಕಚೇರಿಯಲ್ಲೇ ಸಿಗುವ ಆದಾಯದ ಸರ್ಟಿಫಿಕೇಟು ಆ ಸಂಜೆಯೊಳಗೆ ಕೊಡಬೇಕು, ಇಲ್ಲವಾದರೆ ಅವಳ ಸರದಿ ಬೇರೆಯವರಿಗೆ. ಬೆಳಿಗ್ಗೆ ಅಕ್ಕ ತಮ್ಮನ ಮನೆಗೆ ಬಂದು ಕೇಳಿದಳು.

“ನೀನೇ ಮಾಡಿಸ್ಕೊಂಡು ಬರ್ತೀಯೇನೋ?”

“ನಮ್ಮೋರು ಅಂತ ಮುಂದೆ ಬಿಟ್ರೆ ಸುಧಾರಣೆ ಎಲ್ಲಿ ಉಳೀತಕ್ಕ? ನಮ್ಮ ಪದ್ಧತಿ ನೋಡೋಕೆ ಇವತ್ತು ಬೇರೆ ಊರಿಂದ ಅಧಿಕಾರಿಗಳು ಬರ್ತಿದಾರೆ. ನೀನೇ ಬಾ, ಹತ್ತೇ ನಿಮಿಷದ ಕೆಲಸ.”

ತಮ್ಮನ ಮಾತನ್ನು ಅಕ್ಕ ಎಂದೂ ಅನುಮಾನಿಸಿದವಳಲ್ಲ. ಹೋದಳು.

ಸಂಜೆ ಸಾಹೇಬರು ಬೀಗುತ್ತಾ ಮನೆಗೆ ಬಂದರು. ಬಂದ ಅಧಿಕಾರಿಗಳು ತಂಪು ಕೋಣೆಯಲ್ಲಿ ಕೂತು, ಪರದೆಯ ಅಂಕಿ ನೋಡಿ ಚಪ್ಪಾಳೆ ತಟ್ಟಿ ಹೋಗಿದ್ದರು. ಅವರನ್ನು ಉಪಚರಿಸುವ ಗಡಿಬಿಡಿಯಲ್ಲಿ ಅರ್ಧ ದಿನ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಅಕ್ಕ ಜಗಲಿಯ ಮೇಲೆ ಊದಿದ ಕಾಲು ಚಾಚಿ ಕೂತಿದ್ದಳು.

“ಬರಲೇ ಇಲ್ವಲ್ಲಕ್ಕ?”

“ಬಾಗಿಲು ತೆಗೆಯೋ ಮುಂಚೆಯಿಂದ ನಿಂತಿದ್ದೆ ಕಣೋ, ಆಗ್ಲೇ ನನ್ನ ಮುಂದೆ ಉದ್ದ ಸಾಲಿತ್ತು. ಬೀಗ ಹಾಕೋವರೆಗೂ ನಿಂತಿದ್ದೆ.”

“ಇಲ್ಲ ಅಕ್ಕ, ನಾನೇ ನೋಡ್ದೆ, ಯಂತ್ರದಲ್ಲಿ ನಿನ್ನ ಹೆಸರಿಲ್ಲ. ಟೋಕನ್ ತಗೊಂಡಿಲ್ಲ ಅಂದ್ಮೇಲೆ ಬಂದಿಲ್ಲ ಅಂತಲೇ ಲೆಕ್ಕ.”

ಮಾತು ಬಾಯಿಂದ ಬಿದ್ದಮೇಲೆ ಸಾಹೇಬರ ಮುಖ ಕಪ್ಪಿಟ್ಟಿತು. ಅಕ್ಕ ತಮ್ಮನ ದನಿ ಬಂದತ್ತ ಮುಖ ತಿರುಗಿಸಿದಳು.

“ಸರದಿ ಬೇರೆಯವರಿಗೆ ಹೋಯ್ತು. ಹೋಗ್ಲಿ ಬಿಡು. ನಿನ್ನ ಗೋಡೆ ಮೇಲೆ ದಪ್ಪಗೆ ಬರೆಸಿದೀಯಲ್ಲ, ಅದನ್ನೇ ದಿನವಿಡೀ ಓದ್ತಾ ನಿಂತಿದ್ದೆ. ಈಗ ನನ್ನ ಕಣ್ಣಿಗೆ ಕಾಣೋದು ಅಷ್ಟು ದಪ್ಪ ಅಕ್ಷರ ಮಾತ್ರ.”