ವರ್ಷಕ್ಕೊಂದು ದಿನ ನಾನು ಇರಲಿಲ್ಲ

ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಎಂದು ಗೊತ್ತಾದಾಗ ನಾನು ಒಬ್ಬ ಅಜ್ಜನ ಬೆರಳು ಹಿಡಿದುಕೊಂಡಿದ್ದೆ. ಚುಚ್ಚಿ ಆಗಿತ್ತು, ರಕ್ತದ ಹನಿ ಇನ್ನೂ ಗಾಜಿನ ಮೇಲೆ ಬೀಳಬೇಕಿತ್ತು. ನಮ್ಮ ಆರೋಗ್ಯ ಕೇಂದ್ರದ ಗುಮಾಸ್ತರು ಮೊಬೈಲ್ ಹಿಡಿದುಕೊಂಡು ಲ್ಯಾಬಿನ ಬಾಗಿಲಲ್ಲಿ ಬಂದು ನಿಂತರು.

“ಮೇಡಂ, ಜಿಲ್ಲೆಯಿಂದ ಪಿಡಿಎಫ್ ಬಂದಿದೆ. ಗುತ್ತಿಗೆಯವ್ರ ರಿನಿವಲ್ ಲಿಸ್ಟು. ಮೂರ್ ಸಲ ನೋಡ್ದೆ, ನಿಮ್ ಹೆಸ್ರು ಕಾಣ್ತಿಲ್ಲ.”

“ಕನ್ನಡಕ ಹಾಕ್ಕೊಂಡು ನೋಡಿ ಸಾರ್,” ಎಂದು ನಕ್ಕೆ. ಅವರು ನಗಲಿಲ್ಲ. ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು.

ಅಜ್ಜ “ಆಯ್ತೇನವ್ವ?” ಎಂದು ಕೇಳಿದರು. ಆಯ್ತು ಎಂದೆ. ಆಗಿರಲಿಲ್ಲ. ಬೆರಳನ್ನು ಹಾಗೇ ಬಿಟ್ಟುಬಿಟ್ಟಿದ್ದೆ, ಹನಿ ಅವರ ಪಂಚೆಯ ಮೇಲೆ ಬಿದ್ದಿತ್ತು. ಹನ್ನೊಂದು ವರ್ಷದಲ್ಲಿ ನಾನು ಕೆಡಿಸಿದ ಮೊದಲ ಸ್ಯಾಂಪಲ್ ಅದು ಎಂದರೆ ಜಂಬ ಅನ್ನಿಸಬಹುದು. ಅನ್ನಿಸಲಿ.

ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ, ಗುತ್ತಿಗೆ ಆಧಾರದ ಮೇಲೆ. ಸುತ್ತಲ ಹಳ್ಳಿಗಳವರ ಬಾಯಲ್ಲಿ ನಾನು ‘ರಕ್ತದಕ್ಕ’. ಮೊದಮೊದಲು ಆ ಹೆಸರು ಕೇಳಿ ಮೈ ಉರಿಯುತ್ತಿತ್ತು. ಆಮೇಲೆ ಬಸ್ಸಿನಲ್ಲಿ ಯಾರಾದರೂ “ಬನ್ನಿ ರಕ್ತದಕ್ಕ, ಇಲ್ ಕೂತ್ಕೊಳಿ” ಎಂದು ಸೀಟು ಬಿಟ್ಟುಕೊಟ್ಟರೆ ಖುಷಿಯೇ ಆಗುತ್ತಿತ್ತು. ಡಾಕ್ಟರುಗಳು ಐದು ಜನ ಬಂದು ಹೋದರು. ಲ್ಯಾಬಿನ ಆ ಮರದ ಸ್ಟೂಲು ಮತ್ತು ನಾನು ಮಾತ್ರ ಕದಲಲಿಲ್ಲ. ಹಾಗಾಗಿ ಕೆಲಸ ನನ್ನದು ಎಂದೇ ನಾನು ನಂಬಿಕೊಂಡಿದ್ದೆ. ಎಂಥ ದಡ್ಡಿ ಎಂದು ಈಗ ಅನ್ನಿಸುತ್ತದೆ, ಆದರೆ ನಂಬಿದ್ದಂತೂ ನಿಜ.

ನಮ್ಮ ಗುತ್ತಿಗೆ ಏಪ್ರಿಲ್ ಒಂದಕ್ಕೆ ಶುರುವಾಗಿ ಮಾರ್ಚ್ ಮೂವತ್ತಕ್ಕೆ ಮುಗಿಯುತ್ತಿತ್ತು. ಮೂವತ್ತೊಂದನೇ ತಾರೀಖು ಯಾವ ಲೆಕ್ಕಕ್ಕೂ ಇಲ್ಲ. ಅದಕ್ಕೆ ‘ಬ್ರೇಕ್’ ಎಂದು ಹೆಸರು. ಆ ಒಂದು ದಿನ ನಾವು ನೌಕರರಲ್ಲ, ಮಾರನೇ ದಿನ ಹೊಸದಾಗಿ ಸೇರಿದವರು. ಸತತವಾಗಿ ಕೆಲಸ ಮಾಡಿದ್ದೇವೆ ಎಂದು ಮುಂದೆ ಯಾರೂ ಹಕ್ಕು ಕೇಳಬಾರದು ಎಂಬುದಕ್ಕೇ ಈ ವ್ಯವಸ್ಥೆ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ನಾವು ಅದನ್ನು ತಮಾಷೆ ಮಾಡಿಕೊಂಡಿದ್ದೆವು. ನನ್ನ ಗಂಡನಂತೂ ಪ್ರತಿವರ್ಷ ಅದೇ ಮಾತು ಹೇಳುತ್ತಿದ್ದರು: “ಇವತ್ತು ನಿನಗೂ ಸರ್ಕಾರಕ್ಕೂ ಡೈವೋರ್ಸು. ನಾಳೆ ಮತ್ತೆ ಮದ್ವೆ. ಊಟ ಎಲ್ಲಿ ಹಾಕುಸ್ತೀಯ?”

ಮೊದಲ ವರ್ಷ ಬ್ರೇಕ್ ದಿನ ಮನೆಯಲ್ಲಿದ್ದು ಹೋಳಿಗೆ ಮಾಡಿದೆ. ಎರಡನೇ ವರ್ಷ ಬೆಳಗ್ಗೆಯೇ ಆಶಾ ಕಾರ್ಯಕರ್ತೆಯ ಫೋನು ಬಂತು. ಬಸುರಿಯರು ಮೂರು ಹಳ್ಳಿಯಿಂದ ಆಟೋ ಮಾಡಿಕೊಂಡು ಬಂದು ಕೂತಿದ್ದಾರೆ, ರಕ್ತ ನೋಡುವವರಿಲ್ಲ. ಅವರಿಗೆ ಬ್ರೇಕು ಗೀಕು ಏನು ಗೊತ್ತು? ಹೋದೆ. ಗುಮಾಸ್ತರು ನನ್ನನ್ನು ನೋಡಿ ಗಾಬರಿಯಾದರು.

“ಮೇಡಂ, ಇವತ್ತು ನೀವು ಇಲ್ಲ! ಎಲ್ಲೂ ಸೈನ್ ಹಾಕ್ಬೇಡಿ. ಆಡಿಟ್‌ನವ್ರು ನೋಡುದ್ರೆ ಡಾಕ್ಟರಿಗೆ ಮೆಮೊ ಬರತ್ತೆ.”

“ಹಾಗಾದ್ರೆ ಎಲ್ಲಾನೂ ನಾಳೆ ತಾರೀಖಿಗೆ ಬರೀತೀನಿ ಬಿಡಿ ಸಾರ್,” ಎಂದೆ.

ಉಪಾಯ ನನ್ನದೇ. ಯಾರೂ ಹೇಳಿಕೊಟ್ಟದ್ದಲ್ಲ. ಅಂದಿನಿಂದ ಹತ್ತು ವರ್ಷ, ಪ್ರತಿ ಮೂವತ್ತೊಂದಕ್ಕೂ ಹೋದೆ, ರಕ್ತ ತೆಗೆದೆ, ರಿಜಿಸ್ಟರಿನಲ್ಲಿ ಏಪ್ರಿಲ್ ಒಂದು ಎಂದು ಬರೆದೆ. ಡಾಕ್ಟರಿಗೆ ತೊಂದರೆಯಾಗಲಿಲ್ಲ, ಬಸುರಿಯರು ವಾಪಸ್ ಹೋಗಲಿಲ್ಲ, ಕಾಗದವೂ ಅಚ್ಚುಕಟ್ಟು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಹೊಸ ಆದೇಶ ಯಾವತ್ತೂ ಏಪ್ರಿಲ್ ಕೊನೆಗೆ ಬರುತ್ತಿತ್ತು. ಅಲ್ಲಿಯವರೆಗೆ ಬರುತ್ತದೆ ಎಂಬ ಧೈರ್ಯದ ಮೇಲೆ ಕೆಲಸ ಮಾಡುತ್ತಿದ್ದೆವು. ಆ ವರ್ಷ ಬಂದ ಆದೇಶದ ಪ್ರಕಾರ ನನ್ನ ಹುದ್ದೆಗೆ ಮಂಜೂರಾತಿಯೇ ಇರಲಿಲ್ಲ. ರಕ್ತ ಪರೀಕ್ಷೆಯನ್ನು ಇನ್ನು ಮುಂದೆ ಹೊರಗಿನ ಏಜೆನ್ಸಿ ನೋಡಿಕೊಳ್ಳುತ್ತದಂತೆ. ನಾನು ಕೆಲಸ ಚೆನ್ನಾಗಿ ಮಾಡಿದೆ ಎಂದೂ ಇಲ್ಲ, ಕೆಟ್ಟದಾಗಿ ಮಾಡಿದೆ ಎಂದೂ ಇಲ್ಲ. ಬೈದಿದ್ದರಾದರೂ ವಾಸಿಯಿತ್ತು. ತೆಗೆದುಹಾಕಿದ್ದೇವೆ ಎಂದು ಕೂಡ ಯಾರೂ ಬರೆಯಲಿಲ್ಲ, ಬರೆಯುವ ಅಗತ್ಯವೇ ಅವರಿಗಿರಲಿಲ್ಲ. ಮಾರ್ಚ್ ಮೂವತ್ತಕ್ಕೆ ಮುಗಿದಿದ್ದೆ, ಮತ್ತೆ ಶುರುವಾಗಲಿಲ್ಲ, ಅಷ್ಟೆ. ಮೂರು ವಾರದಿಂದ ನಾನು ಯಾರೂ ಅಲ್ಲದೆ ಊರವರ ಕೈಗೆ ಸೂಜಿ ಚುಚ್ಚುತ್ತಿದ್ದೆ ಎಂದು ಆಗ ಹೊಳೆಯಿತು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಡೈವೋರ್ಸಿನ ಜೋಕು ಅವರ ನಾಲಿಗೆಯವರೆಗೆ ಬಂದು ವಾಪಸ್ ಹೋದದ್ದು ನನಗೆ ಕಾಣಿಸಿತು. ಆಗ ಅತ್ತುಬಿಟ್ಟೆ. ನಲವತ್ತು ದಾಟಿದ ಮೇಲೆ ಯಾವ ಆಸ್ಪತ್ರೆ ನನ್ನನ್ನು ಹೊಸದಾಗಿ ಸೇರಿಸಿಕೊಳ್ಳುತ್ತದೆ? ನನಗೆ ಬೇರೆ ಏನು ಬರುತ್ತದೆ?

ದೊಡ್ಡಬಳ್ಳಾಪುರದಲ್ಲಿ ಗಂಡನಿಗೆ ಪರಿಚಯದ ವಕೀಲರೊಬ್ಬರಿದ್ದರು. ಆದೇಶಗಳನ್ನೆಲ್ಲ ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು.

“ಕೋರ್ಟ್‌ಗೆ ಹೋಗ್ಬೋದಮ್ಮ. ಆದ್ರೆ ಅವ್ರು ಹೇಳೋದೇನು? ಪ್ರತಿವರ್ಷ ಹೊಸ ನೇಮಕ, ನಡುವೆ ಬ್ರೇಕ್ ಇದೆ, ಸತತ ಸೇವೆ ಅಲ್ಲ ಅಂತಾರೆ. ಬ್ರೇಕ್ ದಿನಾನೂ ದುಡಿಸ್ಕೊಂಡಿದಾರೆ ಅನ್ನೋಕೆ ಏನಾದ್ರೂ ಇದ್ಯಾ?”

ಕುರ್ಚಿಯಿಂದ ಎದ್ದೇ ಬಿಟ್ಟೆ. “ಹತ್ತು ವರ್ಷ ಹೋಗಿದೀನಿ ಸಾರ್! ಒಂದು ಸಲಾನೂ ತಪ್ಸಿಲ್ಲ!”

“ಮಾತಲ್ಲಮ್ಮ, ಕಾಗದ. ಮಾರ್ಚ್ ಮೂವತ್ತೊಂದು ಅಂತ ನಿಮ್ಮ ಕೈಲಿ ಬರೆದಿರೋ ಒಂದು ಕಾಗದ ತನ್ನಿ. ಒಂದೇ ಒಂದು ಸಾಕು.”

ಎದ್ದವಳು ಹಾಗೇ ಕೂತೆ. ರಿಜಿಸ್ಟರಿನಲ್ಲೆಲ್ಲ ನಾನು ಬರೆದದ್ದು ಏಪ್ರಿಲ್ ಒಂದು.

ಆದರೂ ಹೋಗಿ ನೋಡಿದೆ. ಗುಮಾಸ್ತರು ಏನೂ ಕೇಳದೆ ಹಳೆಯ ರಿಜಿಸ್ಟರುಗಳನ್ನು ಕಪಾಟಿನಿಂದ ತೆಗೆದುಕೊಟ್ಟು, ಕಾಫಿ ತರಿಸಿದರು. ಎಲ್ಲ ವರ್ಷವೂ ಒಂದೇ ತರ. ಮೂವತ್ತನೇ ತಾರೀಖು, ಕೆಂಪು ಗೆರೆ, ಆಮೇಲೆ ನೇರವಾಗಿ ಏಪ್ರಿಲ್ ಒಂದು. ಆ ಒಂದನೇ ತಾರೀಖಿಗೆ ಮಾತ್ರ ಬೇರೆ ದಿನಕ್ಕಿಂತ ದುಪ್ಪಟ್ಟು ಹೆಸರುಗಳು. ಗೆರೆಯನ್ನೂ ನಾನೇ ಸ್ಕೇಲಿಟ್ಟು ಎಳೆದಿದ್ದೆ. ನಾನು ಆ ದಿನ ಇರಲಿಲ್ಲ ಎಂಬುದಕ್ಕೆ ಇಷ್ಟು ಚೆಂದದ ಸಾಕ್ಷಿಯನ್ನು ಯಾವ ಸರ್ಕಾರಿ ವಕೀಲರೂ ತಯಾರು ಮಾಡಲಾರರು.

ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ನೆನಪಾಯಿತು. ತಾಯಿ ಕಾರ್ಡು! ಬಸುರಿಯರಿಗೆ ಕೊಡುವ ಆ ಕಾರ್ಡಿನಲ್ಲಿ ರಕ್ತ ಪರೀಕ್ಷೆಯ ತಾರೀಖನ್ನು ನಾನೇ ಬರೆಯುತ್ತಿದ್ದೆ. ರಿಜಿಸ್ಟರನ್ನು ಆಡಿಟ್‌ನವರು ನೋಡುತ್ತಾರೆ, ಕಾರ್ಡನ್ನು ಯಾರು ನೋಡುತ್ತಾರೆ? ಅವಸರದಲ್ಲಿ ಅಂದಿನ ತಾರೀಖನ್ನೇ ಬರೆದಿರಬೇಕು. ಜೊತೆಗೆ ಒಬ್ಬಳು ಹೆಂಗಸು ಸ್ಪಷ್ಟವಾಗಿ ನೆನಪಿದ್ದಳು. ನಾಲ್ಕು ವರ್ಷದ ಹಿಂದಿನ ಬ್ರೇಕ್ ದಿನ, ನಾದಿನಿಯ ಗೃಹಪ್ರವೇಶಕ್ಕೆ ರೇಷ್ಮೆ ಸೀರೆ ಉಟ್ಟು ಹೊರಟವಳು ಫೋನ್ ಬಂತೆಂದು ಹಾಗೇ ಲ್ಯಾಬಿಗೆ ಹೋಗಿದ್ದೆ. ಆ ಹೆಂಗಸಿನ ಹಿಮೋಗ್ಲೋಬಿನ್ ಬರೀ ಏಳು ಇತ್ತು. ನಾಳೆ ಬೆಳಗ್ಗೆಯೇ ದೊಡ್ಡಾಸ್ಪತ್ರೆಗೆ ಹೋಗದಿದ್ದರೆ ನಾನೇ ಬಂದು ಎಳೆದುಕೊಂಡು ಹೋಗ್ತೀನಿ ಎಂದು ಗದರಿದ್ದೆ.

ಅವಳ ಊರು ಮೂರೇ ಮೈಲಿ. ಬಸ್ಸಿಗೂ ಕಾಯದೆ ಆಟೋ ಹತ್ತಿದೆ. ದಾರಿಯುದ್ದಕ್ಕೂ, ಇದೆ, ಇರಲೇಬೇಕು ಎಂದುಕೊಳ್ಳುತ್ತಿದ್ದೆ.

ಅವಳು ದ್ರಾಕ್ಷಿ ತೋಟದಿಂದ ಆಗಷ್ಟೇ ಬಂದು ಕೈ ತೊಳೆಯುತ್ತಿದ್ದಳು. ಮಗಳು ಅಂಗನವಾಡಿಗೆ ಹೋಗಿದ್ದಳು. ನನ್ನನ್ನು ನೋಡಿ ಹಿಗ್ಗಿದಳು.

“ಅಯ್ಯೋ ರಕ್ತದಕ್ಕ! ಬನ್ನಿ ಬನ್ನಿ. ರೇಷ್ಮೆ ಸೀರೆ ಉಟ್ಕೊಂಡು ಸೂಜಿ ಚುಚ್ಚಿದ್ರಲ್ಲ, ಇವತ್ತಿಗೂ ನಮ್ಮತ್ತೆ ಅದನ್ನೇ ಹೇಳ್ತಾರೆ.”

ಅವಳಿಗೆ ಆ ದಿನ ನೆನಪಿತ್ತು! ವಿಷಯ ಹೇಳಿದೆ. ಅವಳು ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು, ಮಗುವಿನ ಆಧಾರ್ ಕಾರ್ಡಿನ ಹಿಂದಿನಿಂದ ತಾಯಿ ಕಾರ್ಡನ್ನು ಎಳೆದು ಕೊಟ್ಟಳು. ಮಡಿಕೆ ಬಿಡಿಸಿದೆ. ನನ್ನದೇ ಅಕ್ಷರ, ಗುಂಡಗೆ. ಹಿಮೋಗ್ಲೋಬಿನ್ ಏಳು. ಪಕ್ಕದಲ್ಲಿ, ಏಪ್ರಿಲ್ ಒಂದು.

ಗೋಡೆಗೆ ಒರಗಿ ಕೂತೆ. ಯಾರೂ ನೋಡದ ಕಾರ್ಡಿನಲ್ಲೂ, ಯಾರೂ ಹೇಳದಿದ್ದರೂ, ನಾನು ನನ್ನನ್ನು ಅಳಿಸಿಕೊಂಡಿದ್ದೆ.

“ಆವತ್ತೇ ಕೇಳಿದ್ನಲ್ಲಕ್ಕ,” ಎಂದಳು ಅವಳು, ನೀರಿನ ಲೋಟ ಹಿಡಿದುಕೊಂಡು. “‘ಇವತ್ತು ಮೂವತ್ತೊಂದಲ್ವಾ’ ಅಂತ. ‘ಸುಮ್ನಿರಮ್ಮ, ಇವತ್ತು ನಾನು ಇಲ್ಲ’ ಅಂದ್ರಿ. ಇಬ್ರೂ ನಗಾಡಿದ್ವಿ.”

ನನಗೆ ಆ ನಗು ನೆನಪಾಗಲಿಲ್ಲ. ಇವತ್ತಿಗೂ ನೆನಪಾಗುವುದಿಲ್ಲ.

ಅವಳು ಒಳಗೆ ಹೋಗಿ ಒಂದು ನೀಲಿ ಪೆನ್ನು ಹುಡುಕಿ ತಂದಳು. “ತಿದ್ಬಿಡಿ ಅತ್ಲಾಗೆ. ನಿಮ್ದೇ ಬರವಣಿಗೆ, ಯಾರಿಗ್ ಗೊತ್ತಾಗತ್ತೆ? ನಿಜಾನೇ ತಾನೇ ಬರೀತಿರೋದು?”

ಪೆನ್ನು ತೆಗೆದುಕೊಂಡೆ. ಸುಳ್ಳು ಹೇಳಲಾರೆ, ಮುಚ್ಚಳವನ್ನೂ ತೆಗೆದೆ. ಕಾರ್ಡನ್ನು ಮೊಣಕಾಲ ಮೇಲಿಟ್ಟುಕೊಂಡೆ. ಹತ್ತು ವರ್ಷ ಸುಳ್ಳು ತಾರೀಖು ಬರೆಯುವಾಗ ನನ್ನ ಕೈ ಒಮ್ಮೆಯೂ ಅಳುಕಿರಲಿಲ್ಲ. ಈಗ ನಿಜವಾದ ತಾರೀಖು ಬರೆದರೆ ಅದು ಕಳ್ಳ ದಾಖಲೆ, ನಾನು ಕಳ್ಳಿ. ಅವಳು ನನ್ನನ್ನೇ ನೋಡುತ್ತಿದ್ದಳು. ಹೊರಗೆ ಯಾರೋ ಟ್ರ್ಯಾಕ್ಟರ್ ತಿರುಗಿಸುತ್ತಿದ್ದರು.

ಮುಚ್ಚಳ ಹಾಕಿ ಪೆನ್ನನ್ನು ಅವಳ ಕೈಗೆ ವಾಪಸ್ ಕೊಟ್ಟೆ.

“ಯಾಕಕ್ಕ?”

“ಬೇಡ ಬಿಡಮ್ಮ,” ಎಂದೆ. “ಆವತ್ತು ನಾನು ಇರ್ಲಿಲ್ಲ.”